ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತೆ ಯಾಕೆ ಮುಳುಗುತ್ತಿದೆ?

ಭಾನುವಾರ ಬೆಳಿಗ್ಗೆ ಮಾಟುಂಗದ ಉಡುಪಿ ಹೋಟೆಲಿನ ಮುಂದೆ ನಿಂತವರಿಗೆ ಗೊತ್ತು, ಹೆಸರು ಬರೆಸಿದ ಮೇಲೂ ಅರ್ಧ ಗಂಟೆಯಾದರೂ ಕಾಯಬೇಕು. ಆ ಅರ್ಧ ಗಂಟೆಯನ್ನು ನಾನೂ ನನ್ನ ಅಕ್ಕನ ಮಗನೂ ಒಂದೇ ಮೊಬೈಲಿಗೆ ತಲೆ ಬಗ್ಗಿಸಿ ಕಳೆಯುತ್ತೇವೆ. ಚಳಿಗಾಲದಲ್ಲಿ ನಮಗೆ ಬೆಳಿಗ್ಗೆ 8.30 ಅಂದರೆ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನ ಸಂಜೆ 7 ಗಂಟೆ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಂಡ ಸ್ಯಾಕ್ರಮೆಂಟೊ ಕಿಂಗ್ಸ್ ಆಟ ಶುರುವಾಗುವ ಹೊತ್ತು. ಒಂದು ಭಾನುವಾರವಂತೂ ಒಳಗಿಂದ ನಮ್ಮ ಹೆಸರು ಕೂಗುವಷ್ಟರಲ್ಲಿ ಕಿಂಗ್ಸ್ 18 ಪಾಯಿಂಟ್ ಹಿಂದೆ ಬಿದ್ದಿತ್ತು. "ಬಿಡಿ ಮಾಮ, ಇವತ್ತೂ ಹೋಯ್ತು" ಅಂತ ಹುಡುಗ ಮೊಬೈಲ್ ಜೇಬಿಗೆ ಹಾಕಿಕೊಂಡ. ದೋಸೆ ಬಂದ ಮೇಲೂ ಅವನ ಮುಖ ಸರಿಹೋಗಲಿಲ್ಲ.

ಮುಂಬೈಯ ಕನ್ನಡದ ಹುಡುಗನೊಬ್ಬ ಇಷ್ಟು ದೂರದ ತಂಡಕ್ಕೆ ಯಾಕೆ ಮರುಗಬೇಕು? ಕಾರಣ ಇದೆ. ಕಿಂಗ್ಸ್ ಮಾಲೀಕ ವಿವೇಕ್ ರಣದಿವೆ ಹುಟ್ಟಿದ್ದು ಇದೇ ಮುಂಬೈಯಲ್ಲಿ. 2019ರ ಅಕ್ಟೋಬರ್ 4 ಮತ್ತು 5ರಂದು ಅವರು ತಮ್ಮ ತಂಡವನ್ನು ವರ್ಲಿಯ ಎನ್‌ಎಸ್‌ಸಿಐ ಡೋಮ್‌ಗೆ ಕರೆತಂದರು. ಎದುರಾಳಿ ಇಂಡಿಯಾನಾ ಪೇಸರ್ಸ್. ಎನ್‌ಬಿಎ ತಂಡಗಳು ಭಾರತದಲ್ಲಿ ಆಡಿದ್ದು ಅದೇ ಮೊದಲು. ಮೊದಲ ದಿನದ ಆಟವನ್ನು ಶಾಲಾ ಮಕ್ಕಳಿಗೆ ಮೀಸಲಿಟ್ಟಿದ್ದರು. ಎರಡನೇ ದಿನ ನಾವಿಬ್ಬರೂ ಅಲ್ಲಿದ್ದೆವು, ಮೇಲಿನ ಸಾಲಿನಲ್ಲಿ. ಕಿಂಗ್ಸ್ ಎರಡೂ ದಿನ ಸೋತಿತು. ಮೊದಲ ದಿನ ಹೆಚ್ಚುವರಿ ಸಮಯದಲ್ಲಿ 132-131, ಎರಡನೇ ದಿನ 130-106. ಆದರೂ ಒಂಬತ್ತು ವರ್ಷದ ಹುಡುಗನಿಗೆ ಸೋತವರೇ ಇಷ್ಟವಾದರು. ಡಿ'ಏರನ್ ಫಾಕ್ಸ್ ಅನ್ನುವ ಆಟಗಾರ ಚೆಂಡು ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಓಡುವುದನ್ನು ಕಣ್ಣಾರೆ ನೋಡಿದ ಮೇಲೆ ಬೇರೆ ತಂಡ ಅವನ ತಲೆಗೇ ಹೋಗಲಿಲ್ಲ. ಮುಂದಿನ ಹುಟ್ಟುಹಬ್ಬಕ್ಕೆ ಫಾಕ್ಸ್ ಹೆಸರಿನ 5ನೇ ನಂಬರಿನ ನೇರಳೆ ಜೆರ್ಸಿಯೇ ಬೇಕು ಅಂತ ಹಟ ಹಿಡಿದ.

ಈಗ ಅದೇ ತಂಡ ಮತ್ತೆ ತಳಕ್ಕೆ ಇಳಿದಿದೆ. 2023ರಲ್ಲಿ ಕ್ಯಾಲಿಫೋರ್ನಿಯಾದ ಆ ಊರಿಡೀ ಕುಣಿದಿತ್ತು. ಮೂರು ವರ್ಷ ತುಂಬುವುದರೊಳಗೆ 2025-26ರ ಸೀಸನ್‌ನಲ್ಲಿ ಸೋಲಿನ ಮೇಲೆ ಸೋಲು. ಗಾಯಗಳೂ ಆದವು, ನಿಜ. ಕೀಗನ್ ಮರ್ರೆ ಹೆಬ್ಬೆರಳಿನ ಪೆಟ್ಟಿನಿಂದ ಸೀಸನ್ ಶುರುವಿನಲ್ಲೇ ಹೊರಗೆ ಕೂತ. ಡೊಮಾಂಟಾಸ್ ಸಬೋನಿಸ್‌ಗೆ ಮೊಣಕಾಲಿನ ಗಾಯ. ಆದರೆ ಗಾಯ ಯಾವ ತಂಡಕ್ಕೆ ಇಲ್ಲ? ನನ್ನ ಪ್ರಕಾರ ಈ ತಂಡದ ಕಾಯಿಲೆ ಮೊಣಕಾಲಿನಲ್ಲಿ ಇಲ್ಲ, ಮೇಲಿನವರ ಅವಸರದಲ್ಲಿ ಇದೆ. ಕಾಯಲು ಆಗದವರು ಒಂದೊಂದಾಗಿ ತೆಗೆದುಕೊಂಡ ತೀರ್ಮಾನಗಳು ಇವು. ಬಿಡಿಬಿಡಿಯಾಗಿ ನೋಡಿದರೆ ಒಂದಷ್ಟು ಸರಿ ಅನ್ನಿಸುತ್ತವೆ. ಒಟ್ಟಿಗೆ ಇಟ್ಟು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸ್ವಲ್ಪ ಹಿಂದಕ್ಕೆ ಹೋಗಬೇಕು. ಇದು ಹಳೆಯ ತಂಡ. 1951ರಲ್ಲಿ ರಾಚೆಸ್ಟರ್ ರಾಯಲ್ಸ್ ಅನ್ನುವ ಹೆಸರಿನಲ್ಲಿ ಚಾಂಪಿಯನ್ ಆಗಿತ್ತು. ಮತ್ತೆಂದೂ ಆಗಿಲ್ಲ. ಊರಿಂದ ಊರಿಗೆ ಅಲೆದು 1985ರಲ್ಲಿ ಸ್ಯಾಕ್ರಮೆಂಟೊಗೆ ಬಂತು. 2013ರಲ್ಲಿ ಅಲ್ಲಿಂದಲೂ ಸಿಯಾಟಲ್‌ಗೆ ಹೊರಟು ನಿಂತಿತ್ತು. ಆಗ ರಣದಿವೆ ಮತ್ತು ಅವರ ಜೊತೆಗಾರರು ಕೊಂಡುಕೊಂಡು ಊರಲ್ಲೇ ಉಳಿಸಿದರು. ಆ ಋಣವನ್ನು ಅಲ್ಲಿನ ಜನ ಮರೆತಿಲ್ಲ, ನಾವೂ ಮರೆಯಬಾರದು. ಅವರು ದುಡ್ಡು ಬಿಗಿಹಿಡಿದವರಲ್ಲ. 2016ರಲ್ಲಿ ಹೊಸ ಅರೀನಾ ತೆರೆಯಿತು. 2015ರಲ್ಲಿ ಭಾರತೀಯ ಮೂಲದ ಮೊದಲ ಆಟಗಾರನಾಗಿ ಸಿಮ್ ಭುಲ್ಲರ್ ಎನ್‌ಬಿಎ ಅಂಗಳಕ್ಕೆ ಇಳಿದದ್ದು ಇದೇ ಕಿಂಗ್ಸ್ ಜೆರ್ಸಿಯಲ್ಲಿ.

ದುಡ್ಡಿತ್ತು, ಪ್ರೀತಿ ಇತ್ತು. ತಾಳ್ಮೆ ಇರಲಿಲ್ಲ.

ಮಾಟುಂಗದ ಹೋಟೆಲಿಗೆ ಜನ ಯಾಕೆ ಸಾಲು ನಿಲ್ಲುತ್ತಾರೆ ಹೇಳಿ. ಹೋದ ವರ್ಷದ ಸಾಂಬಾರಿನ ರುಚಿ ಈ ವರ್ಷವೂ ಹಾಗೇ ಇರುತ್ತದೆ ಅನ್ನುವ ನಂಬಿಕೆಗೆ. ಆರಾರು ತಿಂಗಳಿಗೆ ಅಡುಗೆ ಭಟ್ಟರನ್ನು ಬದಲಿಸುವ ಹೋಟೆಲಿನಲ್ಲಿ ಆ ನಂಬಿಕೆ ಹುಟ್ಟುವುದೇ ಇಲ್ಲ. ಹೊಸ ಭಟ್ಟರು ಬಂದ ಕೂಡಲೇ ಮಸಾಲೆ ಬದಲು, ಹುಳಿ ಬದಲು. ಕೈ ಕೆಳಗಿನ ಹುಡುಗರು ಕಲಿತದ್ದನ್ನೆಲ್ಲ ಮರೆತು ಮತ್ತೆ ಕಲಿಯಬೇಕು. ಕಿಂಗ್ಸ್‌ನಲ್ಲಿ 2013ರಿಂದ 2024ರ ಕೊನೆಯವರೆಗೆ ಎಂಟು ಮಂದಿ ಕೋಚ್‌ಗಳು ಬಂದರು. ಮೈಕಲ್ ಮಲೋನ್, ಟೈರೋನ್ ಕಾರ್ಬಿನ್, ಜಾರ್ಜ್ ಕಾರ್ಲ್, ಡೇವ್ ಯೇಗರ್, ಲ್ಯೂಕ್ ವಾಲ್ಟನ್, ಆಲ್ವಿನ್ ಜೆಂಟ್ರಿ, ಮೈಕ್ ಬ್ರೌನ್. ಎಂಟನೆಯವರು ಡಗ್ ಕ್ರಿಸ್ಟಿ.

ಇದರಲ್ಲಿ ಮಲೋನ್ ಕಥೆ ನನಗೆ ತುಂಬ ನೋವು ಕೊಡುತ್ತದೆ. 2014ರಲ್ಲಿ ತಂಡ 9 ಗೆದ್ದು 6 ಸೋತು ಚೆನ್ನಾಗಿ ಶುರು ಮಾಡಿತ್ತು. ಅಷ್ಟರಲ್ಲಿ ಮುಖ್ಯ ಆಟಗಾರ ಡಿಮಾರ್ಕಸ್ ಕಸಿನ್ಸ್ ಮೆನಿಂಜೈಟಿಸ್ ಬಂದು ಮಲಗಿದ. ಅವನಿಲ್ಲದೆ ತಂಡ ಸೋಲತೊಡಗಿತು. ಗೆಲುವು 11, ಸೋಲು 13 ಆದಾಗ ಮಲೋನ್‌ರನ್ನು ತೆಗೆದುಹಾಕಿದರು. ಅವರು ಮರುವರ್ಷ ಡೆನ್ವರ್ ನಗೆಟ್ಸ್‌ಗೆ ಹೋದರು. ಅಲ್ಲೂ ಮೊದಲ ಕೆಲವು ವರ್ಷ ಪ್ಲೇಆಫ್ ಸಿಗಲಿಲ್ಲ. ಆದರೆ ಅಲ್ಲಿನವರು ಕಾದರು. 2023ರಲ್ಲಿ ಡೆನ್ವರ್ ಚಾಂಪಿಯನ್. ಯೇಗರ್ ಕಥೆಯೂ ಹೆಚ್ಚು ಕಡಿಮೆ ಇದೇ. 2018-19ರಲ್ಲಿ 39 ಆಟ ಗೆದ್ದರು. ಹತ್ತು-ಹನ್ನೆರಡು ವರ್ಷದಲ್ಲಿ ತಂಡ ಅಷ್ಟು ಗೆದ್ದಿರಲಿಲ್ಲ. ಸೀಸನ್ ಮುಗಿಯುತ್ತಲೇ ಅವರನ್ನೂ ಮನೆಗೆ ಕಳಿಸಿದರು.

ಈ ಅವಸರ ಕೋಚ್‌ಗಳಿಗೆ ಮಾತ್ರ ತಟ್ಟಿದ್ದಲ್ಲ. ಎನ್‌ಬಿಎಯಲ್ಲಿ ಪ್ರತಿ ವರ್ಷ ಹೊಸ ಹುಡುಗರನ್ನು ಸರದಿಯ ಮೇಲೆ ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುತ್ತದೆ. ಸೋತ ತಂಡಗಳಿಗೆ ಅಲ್ಲಿ ಮೊದಮೊದಲ ಸರದಿ ಸಿಗುವ ಸಾಧ್ಯತೆ ಜಾಸ್ತಿ. 2018ರಲ್ಲಿ ಕಿಂಗ್ಸ್‌ಗೆ ಸಿಕ್ಕಿದ್ದು ಎರಡನೇ ಸರದಿ. ಲೂಕಾ ಡಾನ್ಚಿಚ್ ಅನ್ನುವ ಸ್ಲೊವೇನಿಯಾದ ಹುಡುಗ ಕೈಯಳತೆಯಲ್ಲಿದ್ದ. ಅವನನ್ನು ಬಿಟ್ಟು ಮಾರ್ವಿನ್ ಬ್ಯಾಗ್ಲಿಯನ್ನು ಆರಿಸಿದರು. ಡಾನ್ಚಿಚ್ ಮೊದಲ ವರ್ಷವೇ ಹೊಸಬರಲ್ಲಿ ಶ್ರೇಷ್ಠ ಅನ್ನಿಸಿಕೊಂಡ, 2024ರಲ್ಲಿ ಡಲ್ಲಾಸ್ ತಂಡವನ್ನು ಫೈನಲ್‌ಗೆ ಒಯ್ದ. ಬ್ಯಾಗ್ಲಿಯನ್ನು 2022ರಲ್ಲಿ ಕಿಂಗ್ಸ್ ಬೇರೆ ತಂಡಕ್ಕೆ ಕೊಟ್ಟುಬಿಟ್ಟಿತು. ಇಂಥ ತಪ್ಪು ಯಾರಿಗಾದರೂ ಆಗಬಹುದು. ಹುಡುಗನ ಹಣೆಬರಹ ಮೊದಲೇ ಓದುವವರು ಯಾರಿದ್ದಾರೆ?

ಆದರೆ 2022ರ ಫೆಬ್ರವರಿಯಲ್ಲಿ ಮಾಡಿದ್ದು ಬೇರೆ ಥರದ್ದು. ಟೈರೀಸ್ ಹ್ಯಾಲಿಬರ್ಟನ್ ಅನ್ನುವ ಹುಡುಗನನ್ನು ಅವರೇ 2020ರ ಡ್ರಾಫ್ಟ್‌ನಲ್ಲಿ 12ನೇ ಸರದಿಯಲ್ಲಿ ಹೆಕ್ಕಿ ತೆಗೆದಿದ್ದರು. ಒಳ್ಳೆಯ ಕಣ್ಣು ಅಂದರೆ ಅದು. ಎರಡು ವರ್ಷ ತುಂಬುವುದರೊಳಗೆ ಅವನನ್ನು ಇಂಡಿಯಾನಾಗೆ ಕೊಟ್ಟು ಸಬೋನಿಸ್‌ನನ್ನು ತಂದರು. ನಮ್ಮ ವರ್ಲಿಗೆ ಬಂದಿದ್ದ ಅದೇ ಪೇಸರ್ಸ್, ಆಗ ಆ ತಂಡದಲ್ಲಿದ್ದ ಅದೇ ಸಬೋನಿಸ್! ಯಾಕೆ ಹೀಗೆ ಮಾಡಿದರು ಅಂದರೆ, ಆ ಹೊತ್ತಿಗೆ ಕಿಂಗ್ಸ್ ಪ್ಲೇಆಫ್ ಕಂಡು ಹದಿನಾರು ವರ್ಷ ಆಗುತ್ತಿತ್ತು. ಎನ್‌ಬಿಎ ಇತಿಹಾಸದಲ್ಲೇ ಇಷ್ಟು ಉದ್ದದ ಬರ ಬೇರೆ ಯಾವ ತಂಡಕ್ಕೂ ಬಂದಿಲ್ಲ. ಆ ಕಳಂಕ ಬೇಗ ತೊಳೆಯಬೇಕಿತ್ತು. ಬೆಳೆಯುವ ಹುಡುಗನಿಗಿಂತ ಬೆಳೆದ ಆಟಗಾರ ಬೇಕಿತ್ತು.

ಅದು ಫಲಿಸಿತು, ಒಪ್ಪಿಕೊಳ್ಳಲೇಬೇಕು. 2022-23ರ ಆ ಸೀಸನ್ ನೆನೆದರೆ ಈಗಲೂ ಖುಷಿಯಾಗುತ್ತದೆ. ಹೊಸ ಕೋಚ್ ಮೈಕ್ ಬ್ರೌನ್. ಮೊದಲ ಐವರು ಫಾಕ್ಸ್, ಕೆವಿನ್ ಹರ್ಟರ್, ಹ್ಯಾರಿಸನ್ ಬಾರ್ನ್ಸ್, ಮರ್ರೆ, ಸಬೋನಿಸ್. ಆಟ ಹೇಗಿತ್ತು ಅಂತ ಸ್ವಲ್ಪ ಹೇಳುತ್ತೇನೆ, ಯಾಕಂದರೆ ಆಮೇಲೆ ಏನು ಹಾಳಾಯಿತು ಅಂತ ತಿಳಿಯಬೇಕಾದರೆ ಇದು ಗೊತ್ತಿರಬೇಕು. ಸಬೋನಿಸ್ ಬಾಸ್ಕೆಟ್‌ಗೆ ಬೆನ್ನು ಹಾಕಿ ಫ್ರೀ ಥ್ರೋ ಗೆರೆಯ ಮೂಲೆಯಲ್ಲಿ ಚೆಂಡು ಹಿಡಿದು ನಿಲ್ಲುತ್ತಿದ್ದ. ಅವನ ಪಕ್ಕದಿಂದ ಹರ್ಟರ್ ಸುತ್ತು ಹಾಕಿ ಓಡಿಬರುತ್ತಿದ್ದ. ಸಬೋನಿಸ್ ಚೆಂಡನ್ನು ಅವನ ಕೈಗೆ ಇಟ್ಟು, ತನ್ನ ಅಗಲ ಮೈಯನ್ನು ಎದುರಾಳಿಗೆ ಅಡ್ಡ ಕೊಡುತ್ತಿದ್ದ. ಹರ್ಟರ್‌ಗೆ ಅರ್ಧ ಸೆಕೆಂಡ್ ಬಿಡುವು ಸಿಕ್ಕರೆ ಸಾಕು, ದೂರದ ಗೆರೆಯ ಹೊರಗಿಂದ ಹೊಡೆದು ಮೂರು ಪಾಯಿಂಟ್. ಎದುರಾಳಿಗಳು ಅವನ ಕಡೆ ನುಗ್ಗಿದರೆ ಚೆಂಡು ಮತ್ತೆ ಸಬೋನಿಸ್ ಕೈಗೆ, ಅಲ್ಲಿಂದ ಬಾಸ್ಕೆಟ್‌ಗೆ ಎರಡೇ ಹೆಜ್ಜೆ. ಆ ಮೂಲೆಯಲ್ಲಿ ಮರ್ರೆ, ಈ ಮೂಲೆಯಲ್ಲಿ ಬಾರ್ನ್ಸ್ ಗುರಿ ಇಟ್ಟು ಕಾಯುತ್ತಿದ್ದರು. ಮರ್ರೆ ಮೊದಲ ವರ್ಷದ ಹುಡುಗ, ಆ ಸೀಸನ್‌ನಲ್ಲಿ 206 ತ್ರೀ ಪಾಯಿಂಟರ್ ಹಾಕಿ ಹೊಸಬರ ದಾಖಲೆ ಬರೆದ. ಇದೆಲ್ಲ ಕಟ್ಟಿಹೋದರೆ ಕೊನೆಗೆ ಫಾಕ್ಸ್ ಇದ್ದ. ಕೊನೆಯ ಎರಡು ನಿಮಿಷದಲ್ಲಿ ಅವನನ್ನು ಹಿಡಿಯುವವರೇ ಇರಲಿಲ್ಲ. ನಿರ್ಣಾಯಕ ಗಳಿಗೆಯ ಆಟಕ್ಕೆ ಎನ್‌ಬಿಎ ಕೊಟ್ಟ ಮೊಟ್ಟಮೊದಲ ಪ್ರಶಸ್ತಿ ಅವನಿಗೇ ಸಿಕ್ಕಿತು.

ಆ ವರ್ಷ 48 ಗೆಲುವು. ಪಾಯಿಂಟ್ ಗಳಿಸುವುದರಲ್ಲಿ ಕಿಂಗ್ಸ್ ಲೀಗ್‌ಗೇ ಮೊದಲು. ಗೆದ್ದ ರಾತ್ರಿ ಅರೀನಾದ ಮೇಲಿಂದ ಆಕಾಶಕ್ಕೆ ನೇರಳೆ ಬೆಳಕಿನ ಕಂಬ ಬಿಡುತ್ತಿದ್ದರು. ಪ್ಲೇಆಫ್‌ನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎದುರು ಸರಣಿಯ ಕೊನೆಯ, ಏಳನೇ ಆಟದವರೆಗೂ ಹೋರಾಡಿದರು. ಆ ದಿನ ಸ್ಟೀಫನ್ ಕರ್ರಿ ಒಬ್ಬನೇ 50 ಪಾಯಿಂಟ್ ಹೊಡೆದ. ಇವರು ಸೋತರು. ಆದರೂ ನಮಗೆಲ್ಲ ಇನ್ನು ಒಳ್ಳೆಯ ಕಾಲ ಬಂತು ಅನ್ನಿಸಿತ್ತು.

ಆ ತಂಡಕ್ಕೆ ಒಂದು ದೊಡ್ಡ ಕೊರತೆ ಇತ್ತು. ಡಿಫೆನ್ಸ್. ಆ 48 ಗೆಲುವಿನ ವರ್ಷದಲ್ಲೂ ಡಿಫೆನ್ಸ್‌ನಲ್ಲಿ ಅದು ಕೆಳಗಿನ ತಂಡಗಳ ಸಾಲಿನಲ್ಲೇ ಇತ್ತು. ಸಬೋನಿಸ್ ರೀಬೌಂಡ್, ಅಂದರೆ ಗುರಿ ತಪ್ಪಿ ಪುಟಿದ ಚೆಂಡು, ಹಿಡಿಯುವುದರಲ್ಲಿ ಮೂರು ಸೀಸನ್ ಸತತ ಲೀಗ್‌ಗೇ ಮೊದಲಿಗ. ಆದರೆ ಬಾಸ್ಕೆಟ್ ಮುಂದೆ ನಿಂತು ಎದುರಾಳಿಯ ಚೆಂಡನ್ನು ತಡೆಯುವ ಕೋಟೆಯ ಬಾಗಿಲಲ್ಲ ಅವನು. ಅವನ ಪಕ್ಕದಲ್ಲಿ ಉದ್ದ ಕೈಗಳ, ಕಾಲು ಚುರುಕಿನ, ಡಿಫೆನ್ಸ್ ಮಾಡುವ ಒಬ್ಬನೋ ಇಬ್ಬರೋ ಬೇಕಿತ್ತು. ಬೇಕಿದ್ದದ್ದು ಇಷ್ಟೇ.

ತಂದದ್ದು ಯಾರನ್ನು? 2024ರ ಬೇಸಿಗೆಯಲ್ಲಿ ಡಿಮಾರ್ ಡಿರೋಜನ್. ಒಳ್ಳೆಯ ಆಟಗಾರ, ನನಗೆ ಅವನ ಮೇಲೆ ತುಂಬ ಗೌರವ. ಆದರೆ ಅವನ ಆಟ ತ್ರೀ ಪಾಯಿಂಟ್ ಗೆರೆಯ ಒಳಗಿನದು. ಚೆಂಡು ಅವನ ಕೈಯಲ್ಲೇ ಬಹಳ ಹೊತ್ತು ಇರಬೇಕು. ಅವನಿಗಾಗಿ ಬಾರ್ನ್ಸ್ ಹೊರಗೆ ಹೋದ. ಅಂದರೆ ಮೂಲೆಯಲ್ಲಿ ಗುರಿ ಇಟ್ಟು ಕಾಯುವವನ ಜಾಗದಲ್ಲಿ ಚೆಂಡು ಬೇಡುವ ಇನ್ನೊಬ್ಬ ಬಂದ. ಲೆಕ್ಕ ಹಾಕಿ ನೋಡಿ. ಗೆರೆಯ ಒಳಗಿಂದ ನೂರರಲ್ಲಿ 50 ಹೊಡೆತ ಬಿದ್ದರೆ ತಲಾ ಎರಡರಂತೆ 100 ಪಾಯಿಂಟ್. ಗೆರೆಯ ಹೊರಗಿಂದ ನೂರರಲ್ಲಿ 36 ಬಿದ್ದರೂ 108. ಒಳಗಿನ ಹೊಡೆತ ಹೆಚ್ಚು ಬಿದ್ದರೂ ಪಾಯಿಂಟ್ ಕಡಿಮೆ ಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೊರಗಿಂದ ಹೊಡೆಯುವವರು ಕಡಿಮೆಯಾದರೆ ಎದುರಾಳಿಗಳೆಲ್ಲ ಒಳಗೆ ಗುಂಪುಗೂಡುತ್ತಾರೆ. ಸಬೋನಿಸ್‌ಗೆ ಉಸಿರಾಡಲೂ ಜಾಗ ಸಿಗುವುದಿಲ್ಲ.

ಆ ನವೆಂಬರ್‌ನಲ್ಲಿ ಫಾಕ್ಸ್ ಒಂದೇ ಆಟದಲ್ಲಿ 60 ಪಾಯಿಂಟ್ ಹೊಡೆದ. ಆ ತಂಡದ ಪರವಾಗಿ ಸ್ಯಾಕ್ರಮೆಂಟೊದಲ್ಲಿ ಯಾರೂ ಅಷ್ಟು ಹೊಡೆದಿರಲಿಲ್ಲ. ಆದರೂ ಮಿನ್ನೆಸೋಟಾ ಎದುರು ತಂಡ ಸೋತಿತು. ಒಬ್ಬ 60 ಹೊಡೆದ ದಿನವೂ ಗೆಲ್ಲದ ತಂಡದಲ್ಲಿ ಏನೋ ಬಿರುಕು ಬಿಟ್ಟಿದೆ ಅಂತಲೇ ಅರ್ಥ. ಡಿಸೆಂಬರ್ 27ರಂದು 13 ಗೆಲುವು, 18 ಸೋಲಿನಲ್ಲಿ ಮೈಕ್ ಬ್ರೌನ್‌ರನ್ನು ತೆಗೆದರು. ಆರು ತಿಂಗಳ ಹಿಂದೆಯಷ್ಟೇ ಅವರ ಒಪ್ಪಂದವನ್ನು ಮುಂದುವರಿಸಿದ್ದರು. ಹದಿನಾರು ವರ್ಷದ ಬರ ನೀಗಿದ ಕೋಚ್ ಅವರು, 2023ರ ಶ್ರೇಷ್ಠ ಕೋಚ್ ಅಂತ ಎಲ್ಲರೂ ಒಮ್ಮತದಿಂದ ಆರಿಸಿದವರು. ಐದು ವಾರ ಕಳೆಯುತ್ತಲೇ ಫಾಕ್ಸ್ ಕೂಡ ಸ್ಯಾನ್ ಆಂಟೊನಿಯೊ ಸ್ಪರ್ಸ್‌ಗೆ ಹೊರಟ. ಆ ಟ್ರೇಡ್‌ನಲ್ಲಿ, ಅಂದರೆ ಆಟಗಾರರ ಅದಲುಬದಲಿನಲ್ಲಿ, ಹರ್ಟರ್ ಕೂಡ ಹೋದ. ಬಂದದ್ದು ಶಿಕಾಗೊದಿಂದ ಜ್ಯಾಕ್ ಲವೀನ್.

ಈ ಸುದ್ದಿ ಬಂದಾಗ ನಾನು ಚರ್ಚ್‌ಗೇಟ್ ಲೋಕಲ್‌ನಲ್ಲಿದ್ದೆ. ಎರಡು ಸಲ ಓದಿದರೂ ನಂಬಿಕೆ ಬರಲಿಲ್ಲ. ಲವೀನ್ ಮತ್ತು ಡಿರೋಜನ್ ಇಬ್ಬರೂ 2021ರಿಂದ ಮೂರು ಸೀಸನ್ ಶಿಕಾಗೊ ಬುಲ್ಸ್‌ನಲ್ಲಿ ಒಟ್ಟಿಗೇ ಆಡಿದವರು. ಆ ಮೂರರಲ್ಲಿ ಶಿಕಾಗೊ ಪ್ಲೇಆಫ್‌ಗೆ ಹೋದದ್ದು ಒಂದೇ ಸಲ. ಇದು ನಡೆಯುವುದಿಲ್ಲ ಅಂತ ಶಿಕಾಗೊದವರು ಬಿಡಿಸಿದ ಜೋಡಿಯನ್ನು ಕಿಂಗ್ಸ್ ಕೂಡಿಸಿ ಕಟ್ಟಿತು. 2025ರಲ್ಲಿ ಡೆನಿಸ್ ಶ್ರೋಡರ್ ಬಂದ, ಅಕ್ಟೋಬರ್‌ನಲ್ಲಿ ರಸೆಲ್ ವೆಸ್ಟ್‌ಬ್ರೂಕ್ ಬಂದ. ಎಲ್ಲರೂ ಹೆಸರು ಮಾಡಿದವರು. ಎಲ್ಲರಿಗೂ ಚೆಂಡು ಬೇಕು. 2023ರ ಐವರಲ್ಲಿ ಉಳಿದದ್ದು ಮರ್ರೆ, ಸಬೋನಿಸ್ ಇಬ್ಬರೇ.

ಸಾಲಿನಲ್ಲಿ ನಿಂತು ನೋಡಿದ ಆ ಭಾನುವಾರದ ಒಂದೇ ಒಂದು ಸಲದ ಆಟ ಹೇಳುತ್ತೇನೆ. ಡಿರೋಜನ್ ಎಡಗಡೆ ಚೆಂಡು ಹಿಡಿದು ನಿಂತಿದ್ದಾನೆ. ಒಮ್ಮೆ ಪುಟಿಸಿದ, ಇನ್ನೊಮ್ಮೆ ಪುಟಿಸಿದ. ಲವೀನ್ ಬಲಗಡೆ ಸೊಂಟದ ಮೇಲೆ ಕೈ ಇಟ್ಟು ನೋಡುತ್ತಿದ್ದಾನೆ. ಓಡುವವರೇ ಇಲ್ಲ. ಕೊನೆಗೆ ಇಬ್ಬರು ಮೈಮೇಲೆ ಇರುವಾಗಲೇ ಡಿರೋಜನ್ ಎಸೆದ, ಬೀಳಲಿಲ್ಲ. ಎದುರಾಳಿ ಗಾರ್ಡ್ ಚೆಂಡು ಹಿಡಿದು ಓಡಿ ಬಂದ. ಒಬ್ಬ ದೈತ್ಯನನ್ನು ಅಡ್ಡ ನಿಲ್ಲಿಸಿಕೊಂಡು ತನ್ನ ಹಿಂದೆ ಬಿದ್ದವನನ್ನು ತಪ್ಪಿಸಿದ. ನೇರ ಬಾಸ್ಕೆಟ್ ಕಡೆಗೆ ನಾಲ್ಕು ಹೆಜ್ಜೆ, ಲೇ-ಅಪ್. ಕೈ ಎತ್ತುವವರು ಒಬ್ಬರೂ ಇರಲಿಲ್ಲ. ಹಬ್ಬದ ದಿನ ಬಾಗಿಲು ತೆರೆದಿಟ್ಟ ಮನೆಗೆ ಬಂದ ಹಾಗೆ ಬಂದು ಹೋದ. ಕಿಂಗ್ಸ್ ಯಾಕೆ ಸೋಲುತ್ತದೆ ಅಂತ ಯಾರಾದರೂ ಕೇಳಿದರೆ ನಾನು ತೋರಿಸುವುದು ಆ ಇಪ್ಪತ್ತು ಸೆಕೆಂಡುಗಳನ್ನೇ.

ಹಾಗಾದರೆ ಈಗ ಬದಲಿಸಿಬಿಡಬಹುದಲ್ವಾ ಅಂತ ಕೇಳಬಹುದು. ಅಲ್ಲೇ ಇರುವುದು ಗಂಟು. ಎನ್‌ಬಿಎಯಲ್ಲಿ ತಂಡವೊಂದು ಆಟಗಾರರ ಸಂಬಳಕ್ಕೆ ಎಷ್ಟು ಖರ್ಚು ಮಾಡಬಹುದು ಅನ್ನುವುದಕ್ಕೆ ಒಂದು ಮಿತಿ ಇದೆ. 2025-26ಕ್ಕೆ ಅದು ಸುಮಾರು 15.46 ಕೋಟಿ ಡಾಲರ್. ಮೀರಬಹುದು, ಆದರೆ ಮೀರಿದಷ್ಟೂ ಕೈ ಕಟ್ಟುತ್ತದೆ. ಲವೀನ್ 2022ರಲ್ಲಿ ಶಿಕಾಗೊದಲ್ಲಿ ಮಾಡಿಕೊಂಡ ಐದು ವರ್ಷದ ಒಪ್ಪಂದವೇ 21.5 ಕೋಟಿ ಡಾಲರಿನದು. ಸಬೋನಿಸ್, ಡಿರೋಜನ್ ಸಂಬಳವನ್ನೂ ಸೇರಿಸಿದರೆ ಆ ಮಿತಿಯ ಬಹುಪಾಲು ಮೂವರಲ್ಲೇ ಮುಗಿಯುತ್ತದೆ. ಟ್ರೇಡ್ ಮಾಡುವಾಗ ಕೊಡುವ ಸಂಬಳಕ್ಕೂ ತರುವ ಸಂಬಳಕ್ಕೂ ಹೆಚ್ಚು ಕಡಿಮೆ ತಾಳೆಯಾಗಬೇಕು. ಇಷ್ಟು ದೊಡ್ಡ ಸಂಬಳದ, ವಯಸ್ಸಾಗುತ್ತಿರುವ, ಗಾಯ ಮಾಡಿಕೊಂಡ ಆಟಗಾರರನ್ನು ಕೊಡುತ್ತೇನೆ ಅಂದರೆ ಯಾರು ಒಳ್ಳೆಯ ಹುಡುಗರನ್ನು ಬದಲಿಗೆ ಕೊಡುತ್ತಾರೆ? ಸೋತು ಸೋತು ಡ್ರಾಫ್ಟ್‌ನಲ್ಲಿ ಮೊದಲ ಸರದಿ ಗಿಟ್ಟಿಸೋಣ ಅಂದರೂ ಗ್ಯಾರಂಟಿ ಇಲ್ಲ. ಅದು ಚೀಟಿ ಎತ್ತುವ ಲೆಕ್ಕ. 2019ರಿಂದ ಕಟ್ಟಕಡೆಯ ಮೂರು ತಂಡಗಳಿಗೂ ಮೊದಲ ಸರದಿಯ ಅವಕಾಶ ತಲಾ ನೂರಕ್ಕೆ 14 ಅಷ್ಟೇ.

ಸ್ಯಾಕ್ರಮೆಂಟೊ ಸಣ್ಣ ಊರು, ಲಾಸ್ ಏಂಜಲೀಸ್ ಬಿಟ್ಟು ಅಲ್ಲಿಗೆ ಯಾರು ಬರುತ್ತಾರೆ, ಅದಕ್ಕೇ ಹೀಗೆ ಅನ್ನುವವರಿದ್ದಾರೆ. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ 2025ರ ಫೈನಲ್ ಆಡಿದ್ದು ಯಾವ ತಂಡಗಳು? ಒಕ್ಲಹೋಮ ಸಿಟಿ ಮತ್ತು ಇಂಡಿಯಾನಾ. ಎರಡೂ ಸಣ್ಣ ಮಾರುಕಟ್ಟೆಗಳೇ. ಇಂಡಿಯಾನಾವನ್ನು ಅಲ್ಲಿಗೆ ಒಯ್ದವನು ಕಿಂಗ್ಸ್ ಬಿಟ್ಟುಕೊಟ್ಟ ಹ್ಯಾಲಿಬರ್ಟನ್. ಏಳನೇ ಆಟದವರೆಗೂ ಹೋಗಿ ಸೋತರು.

ಗೆದ್ದ ಒಕ್ಲಹೋಮ ಸಿಟಿಯ ಲೆಕ್ಕವನ್ನು ನಾನು ಹುಡುಗನಿಗೆ ಹೋಟೆಲಿನ ಬಿಲ್ಲಿನ ಹಿಂದೆ ಬರೆದು ತೋರಿಸಿದೆ. 2021-22ರಲ್ಲಿ ಆ ತಂಡ ಗೆದ್ದದ್ದು 24 ಆಟ. ಅದರ ಹಿಂದಿನ ವರ್ಷ 22. ಎರಡು ವರ್ಷ ಸತತ ಹೀಗೆ ಸೋತರೂ ಕೋಚ್ ಮಾರ್ಕ್ ಡೇಗ್ನಾಲ್ಟ್ ಜಾಗದಲ್ಲೇ ಉಳಿದರು. ಮೇಲೆ ಕೂತು ತಂಡ ಕಟ್ಟುವ ಸ್ಯಾಮ್ ಪ್ರೆಸ್ಟಿಯಂತೂ, ತಂಡ ಇನ್ನೂ ಸಿಯಾಟಲ್‌ನಲ್ಲಿದ್ದ 2007ರಿಂದ ಅದರ ಜೊತೆಗೇ ಇದ್ದಾರೆ. ಆಮೇಲೆ ಏನಾಯಿತು ನೋಡಿ. 2022-23ರಲ್ಲಿ ಅವರದು 40 ಗೆಲುವು, ಕಿಂಗ್ಸ್‌ದು 48. ಮರುವರ್ಷ ಅವರದು 57, ಕಿಂಗ್ಸ್‌ದು 46. ಅದರ ಮರುವರ್ಷ ಅವರದು 68 ಗೆಲುವು, ಜೊತೆಗೆ ಚಾಂಪಿಯನ್ ಪಟ್ಟ. ಕಿಂಗ್ಸ್‌ದು 40. ಎಂಟು ಗೆಲುವು ಮುಂದಿದ್ದವರು ಎರಡೇ ವರ್ಷದಲ್ಲಿ ಇಪ್ಪತ್ತೆಂಟು ಗೆಲುವು ಹಿಂದೆ ಬಿದ್ದರು. ಅಲ್ಲಿ ಹುಡುಗರು ಒಟ್ಟಿಗೆ ಬೆಳೆದರು. ಇಲ್ಲಿ ಬೆಳೆಯುತ್ತಿದ್ದ ತಂಡವನ್ನು ಕಿತ್ತು ಮತ್ತೆ ನೆಟ್ಟರು.

ಆರ್‌ಸಿಬಿಗಾಗಿ 18 ವರ್ಷ ಕಾದ ನಮಗೆ ಅಭಿಮಾನಿಗಳ ತಾಳ್ಮೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಸ್ಯಾಕ್ರಮೆಂಟೊದ ಜನವೂ ಕಾಯುವವರೇ. ಆ ಹದಿನಾರು ವರ್ಷ ಕಾದಿದ್ದಾರೆ. ಅವರ ತಾಳ್ಮೆಯ ಅರ್ಧದಷ್ಟು ಮೇಲಿನವರಲ್ಲಿ ಇದ್ದಿದ್ದರೆ ಅಂತ ನನಗೆ ಮತ್ತೆ ಮತ್ತೆ ಅನ್ನಿಸುತ್ತದೆ. 2025ರ ಏಪ್ರಿಲ್‌ನಲ್ಲಿ ತಂಡ ಕಟ್ಟುವ ಹೊಣೆ ಮಾಂಟಿ ಮೆಕ್‌ನೇರ್ ಕೈಯಿಂದ ಸ್ಕಾಟ್ ಪೆರಿ ಕೈಗೆ ಬಂತು. ಪೆರಿ ಮಾಡಬೇಕಾದ್ದು ಕಣ್ಣಿಗೆ ಚೆಂದ ಕಾಣುವ ಕೆಲಸವಲ್ಲ. ದೊಡ್ಡ ಸಂಬಳಗಳನ್ನು ಒಂದೊಂದಾಗಿ ಇಳಿಸಬೇಕು. ಡ್ರಾಫ್ಟ್ ಸರದಿಗಳನ್ನು ಬಿಟ್ಟುಕೊಡದೆ ಗಟ್ಟಿಯಾಗಿ ಹಿಡಿಯಬೇಕು. ಎರಡು-ಮೂರು ವರ್ಷ ಸೋತರೂ ಹುಡುಗರನ್ನು ಆಡಿಸಬೇಕು. ಆ ಎರಡು-ಮೂರು ವರ್ಷ ಅವರನ್ನು ಜಾಗದಲ್ಲಿ ಬಿಡುತ್ತಾರಾ ಅನ್ನುವುದೇ ನನ್ನ ಭಯ.

ಹೋದ ವಾರ ಸಂಜೆ ಕಿಂಗ್ಸ್ ಸರ್ಕಲ್ ಕಡೆಯ ಕೋರ್ಟ್‌ನಿಂದ ಹುಡುಗನನ್ನು ಕರೆತರಲು ಹೋಗಿದ್ದೆ. ಪ್ರಾಕ್ಟೀಸ್ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ಮೈಮೇಲೆ ಅದೇ ಫಾಕ್ಸ್ ಜೆರ್ಸಿ, ತೊಳೆದು ತೊಳೆದು ನೇರಳೆ ಬಣ್ಣ ಮಾಸಿದೆ, ಭುಜದ ಹತ್ತಿರ ಬಿಗಿಯಾಗಿದೆ. ಹೊಸದು ಕೊಡಿಸುತ್ತೇನೆ, ಯಾರ ಹೆಸರಿನದು ಬೇಕು ಅಂತ ಕೇಳಿದೆ. ಅವನು ಯೋಚಿಸುತ್ತಾ ನಿಂತ.

"ಮರ್ರೆದು ತಗೊಳ್ಳೋ. ಅವನ ಜೊತೆ ಐದು ವರ್ಷದ ಹೊಸ ಒಪ್ಪಂದ ಆಗಿದೆ" ಅಂದೆ.

"ಫಾಕ್ಸ್‌ಗೂ ಐದು ವರ್ಷದ್ದೇ ಆಗಿತ್ತಲ್ವಾ ಮಾಮ?" ಅಂದ. ಚೀಲ ಹೆಗಲಿಗೆ ಹಾಕಿಕೊಂಡು ಸ್ಟೇಷನ್ ಕಡೆ ನಡೆದ.